ಎಲೆಯನ್ನು ಗಾಜಿನಂತೆ ಮಾಡುವುದು: ಮೈಕ್ರೋಸ್ಕೋಪಿಗೆ ಪಾರದರ್ಶಕ ಸಸ್ಯ ಮಾದರಿ ತಯಾರಿಸುವ ಬಗೆ

ಕಾಗದದ ಮೇಲೆ ಒಂದು ಹನಿ ಎಣ್ಣೆ ಬಿದ್ದರೆ ಅಷ್ಟು ಜಾಗದಲ್ಲಿ ಮಾತ್ರ ಬೆಳಕು ತೂರಿ ಬರುತ್ತದೆ, ಅಲ್ವಾ? ಕೆಳಗಿನ ಹಾಳೆಯ ಅಕ್ಷರವೂ ಮಸುಕಾಗಿ ಕಾಣುತ್ತದೆ. ಎಣ್ಣೆ ಕಾಗದದಿಂದ ಏನನ್ನೂ ಕಿತ್ತು ಹಾಕಿಲ್ಲ. ನಾರುಗಳ ಸಂದಿಯಲ್ಲಿ ಮೊದಲು ಗಾಳಿ ಇತ್ತು, ಈಗ ಎಣ್ಣೆ ಇದೆ. ಅಷ್ಟೇ ವ್ಯತ್ಯಾಸ.

ಎಲೆಯನ್ನು ಪಾರದರ್ಶಕ ಮಾಡುವ ಕೆಲಸದ ಅರ್ಧ ಗುಟ್ಟು ಈ ಎಣ್ಣೆ ಕಲೆಯಲ್ಲೇ ಇದೆ. ಮೊದಲ ಸಲ ಕೈ ಹಾಕಿದವರು ಹಸಿರು ಬಣ್ಣದ ಹಿಂದೆ ಬೀಳುತ್ತಾರೆ. ಹಸಿರು ಹೋದರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆಲ್ಕೋಹಾಲಿನಲ್ಲಿ ನೆನೆಸಿದ ಎಲೆ ಚೆನ್ನಾಗಿ ಬೆಳ್ಳಗಾಯಿತು. ನೀರಿನ ಹನಿಯಲ್ಲಿಟ್ಟು ನೋಡಿದರೆ ಬರೀ ಮಬ್ಬು. ಬಿಳಿ ಬೇರೆ, ಪಾರದರ್ಶಕ ಬೇರೆ. ಗಾಜನ್ನು ಪುಡಿ ಮಾಡಿದರೆ ಅದೂ ಬೆಳ್ಳಗೆ ಕಾಣುತ್ತದೆ. ಅದರಲ್ಲಿ ಬಣ್ಣವೇನೂ ಸೇರಿಲ್ಲ, ಬೆಳಕು ಚದುರುತ್ತಿದೆ.

ಹಾಗಾಗಿ ಇಲ್ಲಿ ಕೆಲಸ ಎರಡು. ಮೊದಲು ಜೀವಕೋಶಗಳ ಒಳಗಿರುವುದನ್ನು ಖಾಲಿ ಮಾಡಬೇಕು. ಆಮೇಲೆ ಆ ಖಾಲಿ ಜಾಗವನ್ನು ಸರಿಯಾದ ದ್ರವದಿಂದ ತುಂಬಬೇಕು. ಎರಡರಲ್ಲೂ ಗಡಿಯಾರಕ್ಕಿಂತ ಕಣ್ಣನ್ನು ಜಾಸ್ತಿ ನಂಬಬೇಕು. ಕೆಳಗೆ ಕೊಟ್ಟಿರುವ ಗಂಟೆ, ದಿನಗಳೆಲ್ಲ ಅಂದಾಜು. ಎಲೆಯಿಂದ ಎಲೆಗೆ ಹದ ಬದಲಾಗುತ್ತದೆ.

ಬೆಳಕು ಎಲ್ಲಿ ಸಿಕ್ಕಿಕೊಳ್ಳುತ್ತದೆ

ಎಲೆಯ ಮೂಲಕ ಹೋಗುವ ಬೆಳಕಿಗೆ ಮೂರು ಅಡ್ಡಿಗಳಿವೆ. ಪತ್ರಹರಿತ್ತು ಮತ್ತು ಇತರ ಬಣ್ಣಗಳು ಬೆಳಕನ್ನು ಹೀರಿಕೊಳ್ಳುತ್ತವೆ. ಕೋಶದೊಳಗಿನ ಪ್ರೋಟೀನು, ಪಿಷ್ಟ, ಕೊಬ್ಬಿನ ಕಣಗಳು ಅದನ್ನು ಚದುರಿಸುತ್ತವೆ. ಮೂರನೆಯದು, ಹೆಚ್ಚಿನವರು ಮರೆಯುವುದು, ಗಾಳಿ. ಎಲೆಯ ಕೆಳಭಾಗದ ಕೋಶಗಳು ಸಡಿಲವಾಗಿ ಜೋಡಿಸಿಕೊಂಡಿರುತ್ತವೆ, ನಡುವೆ ಬೇಕಾದಷ್ಟು ಗಾಳಿ ತುಂಬಿರುತ್ತದೆ.

ಬೆಳಕು ಒಂದು ವಸ್ತುವಿನಿಂದ ಇನ್ನೊಂದಕ್ಕೆ ದಾಟುವಾಗ ಎಷ್ಟು ಬಾಗುತ್ತದೆ ಎಂಬುದನ್ನು ಅವುಗಳ ವಕ್ರೀಭವನ ಸೂಚ್ಯಂಕ ಹೇಳುತ್ತದೆ. ಗಾಳಿಯದು 1.00, ನೀರಿನದು 1.33, ಗ್ಲಿಸರಿನ್‌ದು 1.47, ಸ್ಲೈಡಿನ ಗಾಜಿನದು ಸುಮಾರು 1.52. ಕೋಶಭಿತ್ತಿಯ ಸೆಲ್ಯುಲೋಸ್ ಕೂಡ ಸುಮಾರು 1.5ರ ಆಸುಪಾಸಿನಲ್ಲಿದೆ. ಪಕ್ಕಪಕ್ಕದ ಎರಡು ವಸ್ತುಗಳ ಸೂಚ್ಯಂಕ ಹತ್ತಿರ ಬಂದಷ್ಟೂ ಬೆಳಕು ಚದುರದೆ ನೇರವಾಗಿ ಹೋಗುತ್ತದೆ. ನೀರಿನಲ್ಲಿಟ್ಟ ಎಲೆ ಮಬ್ಬಾಗಿ, ಗ್ಲಿಸರಿನ್‌ನಲ್ಲಿಟ್ಟ ಅದೇ ಎಲೆ ತಿಳಿಯಾಗಿ ಕಾಣುವುದು ಇದರಿಂದಲೇ.

ಸೂಚ್ಯಂಕ ಪೂರ್ತಿ ಒಂದೇ ಆಗಿಬಿಟ್ಟರೂ ಕಷ್ಟ. ಆಗ ಕೋಶಭಿತ್ತಿಯೂ ಕಣ್ಣಿಗೆ ಕಾಣದೆ ಮಾಯವಾಗುತ್ತದೆ. ಬಣ್ಣ ಹಾಕುವ ಹಂತ ಬೇಕಾಗುವುದು ಅದಕ್ಕೇ.

ಹೊಂದಿಸಿಕೊಳ್ಳಬೇಕಾದ ಸಾಮಾನು

ಶೇ 95ರ ಎಥೆನಾಲ್ ಬೇಕು. ಅದು ಸಿಗದಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ನಡೆಯುತ್ತದೆ. ಕಾಸ್ಟಿಕ್ ಸೋಡಾ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್. ಬಟ್ಟೆ ಬಿಳುಪು ಮಾಡುವ ಸಾದಾ ಬ್ಲೀಚ್, ಸುವಾಸನೆ ಅಥವಾ ಸೋಪು ಬೆರೆಸಿರದದ್ದು. ಗ್ಲಿಸರಿನ್. ಸಫ್ರಾನಿನ್ ಬಣ್ಣ. ಮುಚ್ಚಳವಿರುವ ಸಣ್ಣ ಡಬ್ಬಿಗಳು, ಮೆತ್ತನೆಯ ಕುಂಚ, ಡ್ರಾಪರ್, ಸೂಜಿ ಇಲ್ಲದ ಪ್ಲಾಸ್ಟಿಕ್ ಸಿರಿಂಜ್, ಸ್ಲೈಡು, ಕವರ್ ಸ್ಲಿಪ್ಪು. ಕೈಗವಸು ಮತ್ತು ಕಣ್ಣು ಪೂರ್ತಿ ಮುಚ್ಚುವ ಕನ್ನಡಕ ಇಲ್ಲದೆ ಶುರು ಮಾಡಲೇಬೇಡಿ.

ಕಾಸ್ಟಿಕ್ ಸೋಡಾ ದ್ರಾವಣವನ್ನು ಪ್ಲಾಸ್ಟಿಕ್ ಡಬ್ಬಿಯಲ್ಲೇ ಇಡಿ. ಗಾಜಿನ ಬಿರಡೆಯ ಬಾಟಲಿಯಲ್ಲಿಟ್ಟರೆ ಅದು ನಿಧಾನವಾಗಿ ಗಾಜನ್ನು ತಿಂದು, ಬಿರಡೆ ಕಚ್ಚಿಕೊಂಡು ಕೂತುಬಿಡುತ್ತದೆ. ಅಲ್ಯೂಮಿನಿಯಂ ಪಾತ್ರೆಯಂತೂ ಬೇಡವೇ ಬೇಡ. ಸೋಡಾ ಅದರ ಜೊತೆ ಸೇರಿ ಬೆಂಕಿ ಹತ್ತುವ ಹೈಡ್ರೋಜನ್ ಅನಿಲ ಬಿಡುತ್ತದೆ.

ಆಲ್ಕೋಹಾಲನ್ನು ತೆಳು ಮಾಡಲು ಲೆಕ್ಕದ ತಲೆನೋವು ಬೇಡ. ಶೇ 95ರದ್ದನ್ನು ಶೇ 70 ಮಾಡಬೇಕಾ? 70 ಮಿಲಿ ಅಳೆದುಕೊಳ್ಳಿ, ಒಟ್ಟು 95 ಮಿಲಿ ಆಗುವವರೆಗೆ ನೀರು ಸೇರಿಸಿ. ಶೇ 50 ಬೇಕಿದ್ದರೆ 50 ಮಿಲಿ ತೆಗೆದುಕೊಂಡು 95ಕ್ಕೆ ಏರಿಸಿ.

ಎಲೆ ಆರಿಸಿ, ಕತ್ತರಿಸಿ

ಮೊದಲ ಪ್ರಯೋಗಕ್ಕೆ ತೆಳುವಾದ, ಬಲಿತ, ಆದರೆ ಗಡುಸಾಗದ ಎಲೆ ತೆಗೆದುಕೊಳ್ಳಿ. ತೀರಾ ಎಳೆಯ ಚಿಗುರು ಸೋಡಾದಲ್ಲಿ ಕರಗಿಯೇ ಹೋಗುತ್ತದೆ. ಮಾವು, ಗುಲಾಬಿಯಂಥ ಎಲೆಗಳಲ್ಲಿ ಟ್ಯಾನಿನ್ ಎಂಬ ಒಗರು ಪದಾರ್ಥ ಜಾಸ್ತಿ, ಅವು ಕಂದು ಬಣ್ಣಕ್ಕೆ ತಿರುಗಿ ಕಾಡುತ್ತವೆ. ದಾಸವಾಳದ ಎಲೆ ಲೋಳೆ ಬಿಡುತ್ತದೆ. ಇವನ್ನೆಲ್ಲ ಕೈ ಪಳಗಿದ ಮೇಲೆ ಎತ್ತಿಕೊಳ್ಳಿ.

ಸುಮಾರು 1 ಸೆಂಟಿಮೀಟರಿನ ಚೌಕ ತುಂಡುಗಳು ಸಾಕು. ನಡುನರದ ಪಕ್ಕದಿಂದ ಒಂದು, ಎಲೆಯ ಅಂಚು ಸೇರುವ ಹಾಗೆ ಇನ್ನೊಂದು ಕತ್ತರಿಸಿ. ಹೊಸ ಬ್ಲೇಡು ಬಳಸಿ. ಮೊಂಡು ಕತ್ತರಿ ಅಂಚಿನ ಕೋಶಗಳನ್ನು ಜಜ್ಜುತ್ತದೆ. ಎಲೆಯ ಮೇಲ್ಮೈಯಲ್ಲಿ ಮೇಣದ ಪದರ ಇರುವುದರಿಂದ ದ್ರವಗಳು ಮುಖ್ಯವಾಗಿ ಕತ್ತರಿಸಿದ ಅಂಚಿನಿಂದಲೇ ಒಳಗೆ ಹೋಗುತ್ತವೆ. ಇಡೀ ಎಲೆಯೇ ಬೇಕೆಂದರೆ ಬೇಗ ಮುಗಿಯುವ ಆಸೆ ಬಿಡಿ. ಒಂದೇ ಎಲೆಯಿಂದ ಆರೇಳು ತುಂಡು ತೆಗೆದಿಡಿ, ಅರ್ಧ ಹಾಳಾಗುತ್ತವೆ ಎಂದೇ ಲೆಕ್ಕ ಹಾಕಿ.

ಹಸಿರು ಇಳಿಸುವುದು

ತುಂಡುಗಳನ್ನು ಶೇ 70ರ ಆಲ್ಕೋಹಾಲಿಗೆ ಹಾಕಿ ಒಂದು ದಿನ ಬಿಡಿ. ಅಂಗಾಂಶ ಇದ್ದ ಆಕಾರದಲ್ಲೇ ಗಟ್ಟಿಯಾಗಿ ನಿಲ್ಲುತ್ತದೆ. ಪ್ರಯೋಗಾಲಯಗಳಲ್ಲಿ ಈ ಹಂತಕ್ಕೆ ಫಾರ್ಮಲಿನ್, ಅಸಿಟಿಕ್ ಆಮ್ಲ, ಆಲ್ಕೋಹಾಲ್ ಬೆರೆಸಿದ ದ್ರಾವಣ ಬಳಸುವುದುಂಟು. ಬರೀ ನರಗಳ ಜಾಲ ನೋಡುವವರಿಗೆ ಅದರ ಅಗತ್ಯವಿಲ್ಲ. ಫಾರ್ಮಲಿನ್ ಸಹವಾಸ ಬಿಟ್ಟಷ್ಟೂ ಒಳ್ಳೆಯದು.

ಈಗ ಗಾಳಿ ತೆಗೆಯುವ ಸರದಿ. ಸಿರಿಂಜಿನೊಳಗೆ ತುಂಡನ್ನೂ ಸ್ವಲ್ಪ ಆಲ್ಕೋಹಾಲನ್ನೂ ಹಾಕಿ. ಒಳಗಿನ ಗಾಳಿಯನ್ನು ತಳ್ಳಿ ತೆಗೆದು, ತುದಿಯನ್ನು ಬೆರಳಿನಿಂದ ಒತ್ತಿ ಹಿಡಿದು ದಂಡವನ್ನು ಹಿಂದಕ್ಕೆ ಎಳೆಯಿರಿ. ಎಲೆಯಿಂದ ಸಣ್ಣ ಸಣ್ಣ ಗುಳ್ಳೆಗಳು ಹೊರಬರುವುದು ಕಾಣುತ್ತದೆ. ಬಿಡಿ, ಮತ್ತೆ ಎಳೆಯಿರಿ. ನಾಲ್ಕೈದು ಸಲ ಹೀಗೆ ಮಾಡಿದರೆ ತೇಲುತ್ತಿದ್ದ ತುಂಡು ಮುಳುಗುತ್ತದೆ. ನನ್ನ ಅನುಭವದಲ್ಲಿ ಇಡೀ ವಿಧಾನದಲ್ಲಿ ಅತಿ ಹೆಚ್ಚು ಫಲ ಕೊಡುವ ಎರಡು ನಿಮಿಷ ಇದು. ಕಾಸ್ಟಿಕ್ ಸೋಡಾ ಇರುವಾಗ ಮಾತ್ರ ಈ ಆಟ ಬೇಡ, ಚಿಮ್ಮಿದರೆ ಕಣ್ಣಿಗೇ ಅಪಾಯ.

ಆಮೇಲೆ ಶೇ 95ರ ಆಲ್ಕೋಹಾಲಿಗೆ ಬದಲಿಸಿ. ದ್ರವ ಹಸಿರಾದಾಗ ಚೆಲ್ಲದೆ ಬೇರೆ ಬಾಟಲಿಗೆ ತೆಗೆದು, ಹೊಸದು ಹಾಕಿ. ಎರಡು ಮೂರು ಸಲ ಬದಲಿಸುವಷ್ಟರಲ್ಲಿ ಎಲೆ ಬೆಳ್ಳಗೋ ತೆಳು ಹಳದಿಯಾಗಿಯೋ ಆಗುತ್ತದೆ. ಒಂದು ದಿನ ಹಿಡಿಯಬಹುದು, ಮೂರು ದಿನವೂ ಹಿಡಿಯಬಹುದು. ಅವಸರ ಇದ್ದರೆ ಒಲೆ ಆರಿಸಿ, ಬಿಸಿ ನೀರಿನ ಪಾತ್ರೆಯನ್ನು ಬೆಂಕಿಯಿಂದ ದೂರ ತಂದು, ಅದರೊಳಗೆ ಆಲ್ಕೋಹಾಲಿನ ಡಬ್ಬಿಯನ್ನು ಮುಚ್ಚಳ ಸಡಿಲಿಸಿ ಇಡಿ. ನೀರು 60 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ಎಥೆನಾಲ್ 78 ಡಿಗ್ರಿಗೆ ಕುದಿಯುತ್ತದೆ. ಅದರ ಆವಿಗಂತೂ ಕೋಣೆಯ ಉಷ್ಣಾಂಶದಲ್ಲೇ ಒಂದು ಕಿಡಿ ತಾಗಿದರೂ ಬೆಂಕಿ ಹತ್ತುತ್ತದೆ. ಉರಿಯುವ ಒಲೆಯ ಮೇಲೆ ನೇರವಾಗಿ ಇಡುವ ಯೋಚನೆ ಕನಸಿನಲ್ಲೂ ಬೇಡ.

ಕಾಸ್ಟಿಕ್ ಸೋಡಾ: ಹದ ತಪ್ಪುವ ಜಾಗ

ಶೇ 5ರ ದ್ರಾವಣ ಮಾಡಿಕೊಳ್ಳಿ. 5 ಗ್ರಾಂ ಸೋಡಾ, ಒಟ್ಟು 100 ಮಿಲಿ ಆಗುವಷ್ಟು ನೀರು. ಯಾವಾಗಲೂ ತಣ್ಣೀರಿಗೆ ಸೋಡಾವನ್ನು ಸ್ವಲ್ಪ ಸ್ವಲ್ಪವೇ ಹಾಕಿ ಕಲಕಬೇಕು. ಸೋಡಾದ ಮೇಲೆ ನೀರು ಸುರಿಯಬಾರದು. ಕರಗುವಾಗ ಡಬ್ಬಿ ಬಿಸಿಯಾಗುತ್ತದೆ, ಆರಲು ಬಿಡಿ. ಚರ್ಮಕ್ಕೆ ತಾಗಿದರೆ ಜಾರುಜಾರಾಗಿ ಸೋಪಿನ ಹಾಗೆ ಅನ್ನಿಸುತ್ತದೆ. ಚರ್ಮದ ಕೊಬ್ಬೇ ಸೋಪಾಗುತ್ತಿದೆ ಎಂದು ಅರ್ಥ. ತಕ್ಷಣ ಹರಿಯುವ ನೀರಿನಲ್ಲಿ ತೊಳೆಯಿರಿ. ಕಣ್ಣಿಗೆ ಹಾರಿದರೆ ಕನಿಷ್ಠ 15 ನಿಮಿಷ ತೊಳೆದು, ನೇರ ವೈದ್ಯರ ಹತ್ತಿರ ಹೋಗಿ.

ಆಲ್ಕೋಹಾಲಿನಿಂದ ತೆಗೆದ ತುಂಡುಗಳನ್ನು ನೀರಿನಲ್ಲಿ ತೊಳೆದು ಸೋಡಾಕ್ಕೆ ಹಾಕಿ. ಕೋಶದೊಳಗಿನ ಪ್ರೋಟೀನು, ಪಿಷ್ಟಗಳನ್ನೆಲ್ಲ ಅದು ಕರಗಿಸಿ ಹೊರಗೆ ತರುತ್ತದೆ. ಸೆಲ್ಯುಲೋಸಿನ ಭಿತ್ತಿ ಉಳಿಯುತ್ತದೆ. ನೀರು ಸಾಗಿಸುವ ಕೊಳವೆಗಳ ಭಿತ್ತಿಯಲ್ಲಿ ಲಿಗ್ನಿನ್, ಅಂದರೆ ಮರಕ್ಕೆ ಗಟ್ಟಿತನ ಕೊಡುವ ಪದಾರ್ಥ, ಇರುವುದರಿಂದ ಅವು ಇನ್ನೂ ಗಟ್ಟಿ. ನಮಗೆ ಬೇಕಾದದ್ದೂ ಅವೇ.

ಕೆಲವು ಗಂಟೆಗಳಲ್ಲಿ ದ್ರವ ಚಹಾದ ಬಣ್ಣಕ್ಕೆ ತಿರುಗುತ್ತದೆ. ಹೆದರಬೇಡಿ, ಒಳಗಿನದು ಹೊರಗೆ ಬರುತ್ತಿದೆ. ಬಣ್ಣ ಗಾಢವಾದಾಗ ಹೊಸ ದ್ರಾವಣ ಹಾಕಿ. ತೆಳು ಎಲೆಗೆ ಒಂದೆರಡು ದಿನ, ದಪ್ಪ ಎಲೆಗೆ ಒಂದು ವಾರ ಅಥವಾ ಅದಕ್ಕೂ ಜಾಸ್ತಿ. 40 ಡಿಗ್ರಿಯ ಸುತ್ತ ಬೆಚ್ಚಗಿಟ್ಟರೆ ಬೇಗ ಆಗುತ್ತದೆ.

ಬೇಗ ಆಗುವುದೇ ಅಪಾಯ ಕೂಡ. ಒಮ್ಮೆ ನಾನು ಹತ್ತು ತುಂಡುಗಳನ್ನು ಬಿಸಿ ಸೋಡಾದಲ್ಲಿಟ್ಟು, ಸುಮ್ನೆ ರಾತ್ರಿ ಇರಲಿ ಎಂದು ಮಲಗಿದೆ. ಬೆಳಿಗ್ಗೆ ಡಬ್ಬಿಯಲ್ಲಿ ಒಂದು ಬಗೆಯ ಗಂಜಿ ಇತ್ತು. ಕೋಶಗಳನ್ನು ಒಂದಕ್ಕೊಂದು ಅಂಟಿಸಿಡುವ ಪೆಕ್ಟಿನ್ ಕೂಡ ಸೋಡಾದಲ್ಲಿ ಸಡಿಲವಾಗುತ್ತದೆ, ಅದಕ್ಕೇ ಹಾಗಾಗುತ್ತದೆ. ಅಂದಿನಿಂದ ಬೆಚ್ಚಗಿಟ್ಟಾಗ ಗಂಟೆಗೊಮ್ಮೆ ನೋಡುತ್ತೇನೆ, ಮಲಗುವಾಗ ತಣ್ಣಗಾಗಿಸುತ್ತೇನೆ.

ಹದ ತಿಳಿಯುವುದು ಹೇಗೆ? ಡಬ್ಬಿಯನ್ನು ಮುದ್ರಿತ ಹಾಳೆಯ ಮೇಲಿಡಿ. ಎಲೆಯ ಮೂಲಕ ಅಕ್ಷರ ಓದಲು ಬಂದರೆ, ಕುಂಚದಿಂದ ಎತ್ತಿದಾಗ ತುಂಡು ಒದ್ದೆ ಬಟ್ಟೆಯ ಹಾಗೆ ಬಾಗಿದರೂ ಹರಿಯದಿದ್ದರೆ, ಅದೇ ಸಮಯ. ಅಂಚು ಎಳೆ ಎಳೆಯಾಗಿ ಬಿಚ್ಚಿಕೊಳ್ಳತೊಡಗಿದರೆ ಆಗಲೇ ತಡವಾಗಿದೆ, ಕೂಡಲೇ ನೀರಿಗೆ ಹಾಕಿ. ಇಲ್ಲಿಂದ ಮುಂದೆ ಚಿಮಟ ಬೇಡ. ಎಲೆಯ ಕೆಳಗೆ ಕಾಗದದ ತುಂಡು ಜಾರಿಸಿ ಎತ್ತಿ, ಇಲ್ಲವೇ ಎಲೆಯನ್ನು ಡಬ್ಬಿಯಲ್ಲೇ ಬಿಟ್ಟು ಡ್ರಾಪರಿನಿಂದ ದ್ರವವನ್ನಷ್ಟೇ ಬದಲಿಸಿ. ನನಗೆ ಎರಡನೆಯದೇ ಇಷ್ಟ.

ಕಂದು ಉಳಿದರೆ ಬ್ಲೀಚ್

ಎಲ್ಲ ಎಲೆಗೂ ಇದು ಬೇಕಿಲ್ಲ. ಸೋಡಾ ಆದಮೇಲೂ ಕಂದು ಛಾಯೆ ಉಳಿದಿದ್ದರೆ ಮಾತ್ರ. ನೀರಿನಲ್ಲಿ ಮೂರು ಸಲ, ಪ್ರತಿ ಸಲ ಹತ್ತು ನಿಮಿಷ ನೆನೆಸಿ ತೊಳೆಯಿರಿ. ಒಂದು ಪಾಲು ಬ್ಲೀಚಿಗೆ ಎರಡು ಮೂರು ಪಾಲು ನೀರು ಸೇರಿಸಿ, ತುಂಡನ್ನು ಅದರಲ್ಲಿ ಬಿಟ್ಟು ಕಣ್ಣು ಕೀಳದೆ ನೋಡುತ್ತಿರಿ. ಎರಡರಿಂದ ಹತ್ತು ನಿಮಿಷದಲ್ಲಿ ಕಂದು ಮಾಯವಾಗುತ್ತದೆ. ಆದ ತಕ್ಷಣ ತೆಗೆಯಿರಿ. ಬ್ಲೀಚು ಲಿಗ್ನಿನ್ನನ್ನೂ ಬಿಡುವುದಿಲ್ಲ, ಜಾಸ್ತಿ ಹೊತ್ತು ಬಿಟ್ಟರೆ ಆಮೇಲೆ ಬಣ್ಣ ಹಿಡಿಯುವುದಿಲ್ಲ.

ಬ್ಲೀಚಿಗೆ ವಿನಿಗರ್ ಆಗಲಿ ಬೇರೆ ಆಮ್ಲವಾಗಲಿ ತಾಗಬಾರದು, ವಿಷದ ಕ್ಲೋರಿನ್ ಅನಿಲ ಬರುತ್ತದೆ. ಆಲ್ಕೋಹಾಲಿನ ಜೊತೆಗೂ ಸೇರಿಸಬಾರದು. ಹಾಗಾಗಿ ಮುಂದಿನ ಹಂತಕ್ಕೆ ಹೋಗುವ ಮೊದಲು ಮತ್ತೆ ನಾಲ್ಕೈದು ಸಲ ನೀರು ಬದಲಿಸಿ ತೊಳೆಯಿರಿ. ಎಲೆಯಲ್ಲಿ ಬ್ಲೀಚು ಉಳಿದರೆ ನೀವು ಹಾಕುವ ಬಣ್ಣವನ್ನೂ ಅದು ತಿಂದುಹಾಕುತ್ತದೆ.

ಬಣ್ಣ ಹಾಕುವುದು

ಶೇ 50ರ ಆಲ್ಕೋಹಾಲಿನ 100 ಮಿಲಿಗೆ 1 ಗ್ರಾಂ ಸಫ್ರಾನಿನ್ ಕರಗಿಸಿ. ತುಂಡನ್ನು ಮೊದಲು ಶೇ 30, ನಂತರ ಶೇ 50ರ ಆಲ್ಕೋಹಾಲಿನಲ್ಲಿ ಹತ್ತತ್ತು ನಿಮಿಷ ಇಟ್ಟು ಆಮೇಲೆ ಬಣ್ಣಕ್ಕೆ ಬಿಡಿ. ಒಮ್ಮೆಗೇ ನೀರಿನಿಂದ ಗಾಢ ಆಲ್ಕೋಹಾಲಿಗೆ ಹಾಕಿದರೆ ಖಾಲಿ ಕೋಶಗಳು ಮುದುಡಿಕೊಳ್ಳುತ್ತವೆ.

ಹತ್ತು ನಿಮಿಷದಲ್ಲಿ ಇಡೀ ತುಂಡು ಕಡುಗೆಂಪಾಗುತ್ತದೆ. ಹಾಳಾಯಿತು ಅನ್ನಿಸುತ್ತದೆ. ಆಗಿಲ್ಲ. ಶೇ 50ರ ಆಲ್ಕೋಹಾಲಿಗೆ ವಾಪಸು ಹಾಕಿ ಕಾಯಿರಿ. ಲಿಗ್ನಿನ್ ಇರುವ ಕೊಳವೆಗಳು ಬಣ್ಣವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ, ಉಳಿದ ಭಾಗ ಬಿಟ್ಟುಕೊಡುತ್ತದೆ. ತಿಳಿ ಹಿನ್ನೆಲೆಯ ಮೇಲೆ ಕೆಂಪು ನರಗಳ ಜಾಲ ನಿಧಾನವಾಗಿ ಎದ್ದು ಬರುತ್ತದೆ. ಎಷ್ಟು ಸಲ ನೋಡಿದರೂ ನನಗೆ ಬೇಸರ ಬರದ ಹಂತ ಇದು. ಬೇಕೆನಿಸಿದ್ದಕ್ಕಿಂತ ಸ್ವಲ್ಪ ಗಾಢ ಇರುವಾಗಲೇ ನಿಲ್ಲಿಸಿ, ಮುಂದಿನ ಹಂತದಲ್ಲಿ ಇನ್ನೂ ಕೊಂಚ ಇಳಿಯುತ್ತದೆ.

ಸಫ್ರಾನಿನ್ ಇಲ್ಲದಿದ್ದರೆ ನೀರಿನಲ್ಲಿ ಕರಗಿಸಿದ ಶೇ 0.05ರ ಟೊಲ್ಯುಡಿನ್ ಬ್ಲೂ ಒಂದೆರಡು ನಿಮಿಷ ಸಾಕು. ಅದು ಲಿಗ್ನಿನ್ ಇರುವಲ್ಲಿ ಹಸಿರು ಮಿಶ್ರಿತ ನೀಲಿ, ಪೆಕ್ಟಿನ್ ಇರುವಲ್ಲಿ ನೇರಳೆಯಾಗಿ ಕಾಣುತ್ತದೆ. ಆದರೆ ಆಲ್ಕೋಹಾಲಿನಲ್ಲೂ ಗ್ಲಿಸರಿನ್‌ನಲ್ಲೂ ಬೇಗ ತೊಳೆದು ಹೋಗುತ್ತದೆ.

ತುಂಬುವುದು ಮತ್ತು ಸ್ಲೈಡು

ತುಂಡನ್ನು ನೀರಿನಲ್ಲಿ ಅದ್ದಿ ತೆಗೆದು, ಅರ್ಧ ಗ್ಲಿಸರಿನ್ ಅರ್ಧ ನೀರು ಬೆರೆಸಿದ್ದರಲ್ಲಿ ಒಂದು ಗಂಟೆ ಇಡಿ. ಆಮೇಲೆ ಶುದ್ಧ ಗ್ಲಿಸರಿನ್‌ಗೆ ಬದಲಿಸಿ. ತೀರಾ ನವಿರಾದ ಮಾದರಿಯಾದರೆ ಇನ್ನೂ ನಿಧಾನದ ದಾರಿ ಇದೆ. ಮೂರರಲ್ಲೊಂದು ಪಾಲು ಗ್ಲಿಸರಿನ್ ಇರುವ ನೀರಿನಲ್ಲಿ ಬಿಟ್ಟು, ಧೂಳು ಬೀಳದಂತೆ ಬಟ್ಟೆ ಕಟ್ಟಿ, ಕೆಲವು ದಿನ ತೆರೆದಿಡಿ. ನೀರು ಆರಿದ ಹಾಗೆ ಗ್ಲಿಸರಿನ್ ತಾನೇ ಗಟ್ಟಿಯಾಗುತ್ತಾ ಹೋಗುತ್ತದೆ, ಕೋಶಗಳು ಮುದುಡುವುದಿಲ್ಲ.

ಸ್ಲೈಡಿನ ಮಧ್ಯೆ ಗ್ಲಿಸರಿನ್‌ನ ಒಂದು ಹನಿ, ಅದರ ಮೇಲೆ ತುಂಡು. ಕುಂಚದಿಂದ ಮಡಿಕೆ ಬಿಡಿಸಿ. ಎಲೆಯ ಯಾವ ಮುಖ ಮೇಲಿದೆ ಎಂದು ಬರೆದುಕೊಳ್ಳಿ, ಆಮೇಲೆ ಗೊತ್ತು ಮಾಡುವುದು ಕಷ್ಟ. ಕವರ್ ಸ್ಲಿಪ್ಪಿನ ಒಂದು ಅಂಚನ್ನು ಹನಿಗೆ ತಾಗಿಸಿ, ಓರೆಯಾಗಿ ಹಿಡಿದು, ಸೂಜಿಯ ಆಸರೆಯಲ್ಲಿ ನಿಧಾನವಾಗಿ ಇಳಿಸಿ. ಗುಳ್ಳೆ ಸಿಕ್ಕಿಕೊಂಡರೆ ಒತ್ತಬೇಡಿ, ಒತ್ತಿದರೆ ಎಲೆಯೇ ಚೂರಾಗುತ್ತದೆ. ಕವರ್ ಸ್ಲಿಪ್ಪು ಎತ್ತಿ ಮತ್ತೊಮ್ಮೆ ಇಳಿಸಿ. ಸುತ್ತ ಉಕ್ಕಿದ ಗ್ಲಿಸರಿನ್ ಪೂರ್ತಿ ಒರೆಸಿ, ನೇಲ್ ಪಾಲಿಶ್‌ನಿಂದ ನಾಲ್ಕೂ ಅಂಚು ಮುಚ್ಚಿ. ಗ್ಲಿಸರಿನ್ ತಾಗಿದ ಗಾಜಿಗೆ ಪಾಲಿಶ್ ಅಂಟುವುದಿಲ್ಲ. ಹೆಚ್ಚಿನ ಸ್ಲೈಡುಗಳು ಸೋರುವುದು ಇದೊಂದೇ ಕಾರಣಕ್ಕೆ.

ನೋಡುವಾಗ

4ಎಕ್ಸ್ ಮಸೂರದಿಂದ ಶುರು ಮಾಡಿ. ನರಗಳು ಕವಲೊಡೆದು ಮತ್ತೆ ಕೂಡಿ ಸಣ್ಣ ಸಣ್ಣ ಗದ್ದೆಗಳ ಹಾಗೆ ಎಲೆಯನ್ನು ಪಾಲು ಮಾಡಿರುತ್ತವೆ. ಕೆಲವು ಎಲೆಗಳಲ್ಲಿ ಆ ಗದ್ದೆಯೊಳಗೆ ಒಂದು ನರ ಬಂದು ಥಟ್ಟನೆ ನಿಂತುಬಿಟ್ಟಿರುತ್ತದೆ. ಹುಲ್ಲಿನ ಎಲೆಯಲ್ಲಾದರೆ ಸಾಲು ಸಾಲು, ನೇಗಿಲು ಹೊಡೆದಂತೆ. ಈ ವಿನ್ಯಾಸ ಜಾತಿಯಿಂದ ಜಾತಿಗೆ ಬೇರೆ. ಪಳೆಯುಳಿಕೆ ಎಲೆಗಳನ್ನು ಗುರುತಿಸಲು ಹೋಲಿಕೆಗೆ ಬೇಕೆಂದೇ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿ ಹೀಗೆ ತಿಳಿ ಮಾಡಿದ ಸಾವಿರಾರು ಎಲೆಗಳ ಸಂಗ್ರಹ ಇದೆ.

40ಎಕ್ಸ್‌ಗೆ ಹೋದರೆ ಕೊಳವೆಗಳ ಭಿತ್ತಿಯಲ್ಲಿ ಸ್ಪ್ರಿಂಗಿನಂಥ ಸುರುಳಿ ಕಾಣುತ್ತದೆ. ಮೇಲ್ಮೈಗೆ ಫೋಕಸ್ ಮಾಡಿದರೆ ಪತ್ರರಂಧ್ರಗಳು. ಚಿತ್ರ ತೀರಾ ತೆಳುವಾಗಿ, ಬೆಳಕಿನಲ್ಲಿ ಕೊಚ್ಚಿ ಹೋದ ಹಾಗಿದ್ದರೆ ಸ್ಲೈಡಿನ ಕೆಳಗೆ ಬೆಳಕು ಕೂಡಿಸುವ ಕಂಡೆನ್ಸರಿನ ಡಯಾಫ್ರಮ್, ಅಂದರೆ ಬೆಳಕಿನ ಕಿಂಡಿಯನ್ನು ಕಿರಿದು ಮಾಡುವ ಭಾಗ, ಸ್ವಲ್ಪ ಮುಚ್ಚಿ. ತಿಳಿ ಮಾದರಿಗಳಿಗೆ ಇದು ಬೇಕೇ ಬೇಕು.

ಹರಳುಗಳನ್ನೂ ಹುಡುಕಿ. ಕೆಸುವಿನ ಎಲೆಯಲ್ಲಿ ಸೂಜಿಗಳ ಕಟ್ಟಿನಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ, ದಾಸವಾಳದಲ್ಲಿ ಮುಳ್ಳುಚೆಂಡಿನಂಥವು. ಕಾಸ್ಟಿಕ್ ಸೋಡಾಕ್ಕೆ ಅವು ಜಗ್ಗುವುದಿಲ್ಲ. ಬೆಳಕಿನ ದಾರಿಯಲ್ಲಿ ಸ್ಲೈಡಿನ ಕೆಳಗೊಂದು, ಮೇಲೊಂದು ಪೋಲರಾಯ್ಡ್ ಹಾಳೆಯನ್ನು ಒಂದಕ್ಕೊಂದು ಅಡ್ಡವಾಗಿ ಹಿಡಿದರೆ ಹಿನ್ನೆಲೆ ಕಪ್ಪಾಗಿ, ಹರಳುಗಳೂ ಕೊಳವೆಗಳ ಭಿತ್ತಿಯೂ ಹೊಳೆಯುತ್ತವೆ. ಬಣ್ಣ ಹಾಕದ ಮಾದರಿಗೂ ಇದು ಒಳ್ಳೆಯ ಉಪಾಯ.

ಬೇರು, ಬೀಜ ಮತ್ತು ಸೋಡಾ ಸಲ್ಲದ ಕಡೆ

ಬೇರಿನೊಳಗೆ ವಾಸಿಸುವ ಮೈಕೊರೈಝಾ ಶಿಲೀಂಧ್ರ ನೋಡಬೇಕಾದರೂ ಇದೇ ದಾರಿ, ಆದರೆ ರಾಸಾಯನಿಕ ಬೇರೆ. ಶೇ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ 90 ಡಿಗ್ರಿಯ ಬಿಸಿನೀರಿನ ತೊಟ್ಟಿಯಲ್ಲಿ ಎಳೆಬೇರುಗಳನ್ನು ಅರ್ಧದಿಂದ ಒಂದು ಗಂಟೆ ಇಟ್ಟು, ತೊಳೆದು, ತೆಳು ಆಮ್ಲದಲ್ಲಿ ಅದ್ದಿ, ಟ್ರೈಪಾನ್ ಬ್ಲೂ ಹಾಕುವ ವಿಧಾನ 1970ರಿಂದ ಬಳಕೆಯಲ್ಲಿದೆ. ಟ್ರೈಪಾನ್ ಬ್ಲೂ ಕ್ಯಾನ್ಸರಿಗೆ ಕಾರಣವಾಗಬಲ್ಲದು ಎಂಬ ಶಂಕೆ ಇರುವುದರಿಂದ, ಅದರ ಬದಲು ವಿನಿಗರಿನಲ್ಲಿ ಶೇ 5ರಷ್ಟು ಬರೆಯುವ ಶಾಯಿ ಸೇರಿಸಿ ಮೂರು ನಿಮಿಷ ಕುದಿಸುವ ಉಪಾಯ 1998ರಲ್ಲಿ ಪ್ರಕಟವಾಯಿತು. ಮನೆಯಲ್ಲಿ ಮಾಡುವವರಿಗೆ ಇದೇ ವಾಸಿ.

ಕೋಶಕೇಂದ್ರ, ಭ್ರೂಣದಂಥದ್ದನ್ನು ನೋಡಬೇಕೆಂದರೆ ಸೋಡಾ ಉಪಯೋಗವಿಲ್ಲ. ಅದು ಅವನ್ನೇ ಕರಗಿಸಿಬಿಡುತ್ತದೆ. ಬೀಜಾಂಡಗಳಿಗೆ ಪ್ರಯೋಗಾಲಯಗಳಲ್ಲಿ ಕ್ಲೋರಲ್ ಹೈಡ್ರೇಟ್ ಬಳಸುತ್ತಾರೆ. ಅದು ನಿದ್ರೆ ಬರಿಸುವ ಔಷಧವೂ ಆದ್ದರಿಂದ ಹಲವು ದೇಶಗಳಲ್ಲಿ ನಿಯಂತ್ರಣ ಇದೆ. ತೆಳು ದಳ, ಪಾಚಿಯ ಎಲೆಗಳಿಗೆ ಲ್ಯಾಕ್ಟಿಕ್ ಆಮ್ಲದಲ್ಲಿ ಒಂದೆರಡು ದಿನ ನೆನೆಸಿದರೂ ಸಾಕಾಗುತ್ತದೆ.

ಹೊಳೆಯುವ ಪ್ರೋಟೀನುಗಳನ್ನು ಗಿಡದಲ್ಲಿ ಸೇರಿಸಿ ನೋಡುವವರಿಗೆ ಇವೆಲ್ಲವೂ ಶತ್ರುಗಳೇ, ಆಲ್ಕೋಹಾಲು ಸೇರಿ. ಅವರಿಗಾಗಿ 2015ರಲ್ಲಿ ಜಪಾನಿನ ಸಂಶೋಧಕರು ಕ್ಲಿಯರ್‌ಸೀ ಎಂಬ ದ್ರಾವಣ ಕೊಟ್ಟರು. ನೀರಿನಲ್ಲಿ ಶೇ 10 ಕ್ಸೈಲಿಟಾಲ್, ಶೇ 15 ಸೋಡಿಯಂ ಡಿಆಕ್ಸಿಕೋಲೇಟ್, ಶೇ 25 ಯೂರಿಯಾ. ಎಲೆ ತಿಳಿಯಾಗಲು ಕೆಲವು ದಿನ ಬೇಕು, ಆದರೆ ಹಸಿರು ಹೋಗಿಯೂ ಪ್ರೋಟೀನಿನ ಹೊಳಪು ಉಳಿಯುತ್ತದೆ.

ಕೆಲಸ ಮುಗಿದ ಮೇಲೆ

ಬಳಸಿದ ಆಲ್ಕೋಹಾಲು, ಸೋಡಾ, ಬ್ಲೀಚುಗಳನ್ನು ಒಂದೇ ಡಬ್ಬಿಗೆ ಸುರಿಯಬೇಡಿ. ಹಸಿರಾದ ಆಲ್ಕೋಹಾಲನ್ನು ಬೇರೆ ಎಲೆಗಳ ಮೊದಲ ಸುತ್ತಿಗೆ ಮತ್ತೆ ಬಳಸಬಹುದು. ಸ್ವಲ್ಪ ಪ್ರಮಾಣದ ಸೋಡಾವನ್ನು ಬೇಕಾದಷ್ಟು ನೀರು ಬೆರೆಸಿ ಚರಂಡಿಗೆ ಬಿಡಿ, ಗಿಡದ ಬುಡಕ್ಕಲ್ಲ.

ಸ್ಲೈಡುಗಳನ್ನು ಮಲಗಿಸಿಯೇ ಇಡಿ, ನಿಲ್ಲಿಸಿದರೆ ಗ್ಲಿಸರಿನ್‌ನಲ್ಲಿ ಎಲೆ ಜಾರುತ್ತದೆ. ಕತ್ತಲಲ್ಲಿಟ್ಟರೆ ಬಣ್ಣ ಜಾಸ್ತಿ ದಿನ ಬಾಳುತ್ತದೆ. ಚೀಟಿಯ ಮೇಲೆ ಗಿಡದ ಹೆಸರು, ತಾರೀಖು, ಸೋಡಾದಲ್ಲಿ ಎಷ್ಟು ದಿನ ಇತ್ತು, ಬಣ್ಣ ಯಾವುದು ಎಂದು ಪೆನ್ಸಿಲಿನಲ್ಲೇ ಬರೆಯಿರಿ. ಪೆನ್ನಿನ ಶಾಯಿ ಆಲ್ಕೋಹಾಲಿನ ಒಂದು ಹನಿ ತಾಗಿದರೂ ಅಳಿಸಿ ಹೋಗುತ್ತದೆ.